ಒಗೆಯಬಾರದ ಬಟ್ಟೆಗೆ ಬಿದ್ದ ಎಣ್ಣೆ

ಆಯುಧಪೂಜೆಯ ಮಾರನೆಯ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದಾಗ ನನ್ನ ಹೊಲಿಗೆ ಮಿಷನ್ನು ಮದುಮಗಳ ಹಾಗೆ ಕುಳಿತಿತ್ತು. ತಲೆಯ ಮೇಲೆ ಸೇವಂತಿಗೆ ಹಾರ, ಮೈಗೆ ವಿಭೂತಿಯ ಪಟ್ಟೆ, ಜಾಗ ಸಿಕ್ಕಲ್ಲೆಲ್ಲ ಅರಿಶಿನ ಕುಂಕುಮ. ಅದು ನನ್ನ ಅತ್ತೆಯ ಕೆಲಸ. ಮುಳಬಾಗಿಲಿನ ಬಸ್‌ಸ್ಟ್ಯಾಂಡ್ ಹಿಂದಿನ ಬೀದಿಯಲ್ಲಿ ನಮ್ಮ ಮನೆ. ಮನೆಯ ಮುಂದಿನ ಕೋಣೆಯೇ ನನ್ನ ಟೈಲರಿಂಗ್ ಅಂಗಡಿ. ವರ್ಷವೆಲ್ಲ ಆ ಕೋಣೆಗೆ ಕಾಲಿಡದ ಅತ್ತೆ ಆಯುಧಪೂಜೆಯ ದಿನ ಮಾತ್ರ ನನ್ನನ್ನು ಹೊರಗೆ ಕಳಿಸಿ ತಾವೇ ಪೂಜೆ ಮಾಡುತ್ತಾರೆ. ಪೂಜೆ ಮಾಡುವವರಿಗೆ ಪುಣ್ಯ, ಒರೆಸುವವಳಿಗೆ ಸೊಂಟ ನೋವು ಎಂದು ಗೊಣಗುತ್ತಾ ನಾನು ಹಾರ ತೆಗೆದೆ.

ಅವಸರದಲ್ಲೇನೂ ಒರೆಸಲಿಲ್ಲ. ಸೂಜಿ ಬಿಚ್ಚಿ, ಬಟ್ಟೆಯನ್ನು ಒತ್ತಿ ಹಿಡಿಯುವ ಪಾದ ಬಿಚ್ಚಿ, ಅದರ ಕೆಳಗಿನ ಹಲ್ಲುಗಳ ಸಂದಿಯಿಂದ ಕುಂಕುಮವನ್ನು ಹಳೆಯ ಟೂತ್ ಬ್ರಷ್‌ನಿಂದ ಉಜ್ಜಿ ತೆಗೆದೆ. ಕೆಳನೂಲು ಸುತ್ತಿದ ಬಾಬಿನ್ನಿನ ಡಬ್ಬಿ ತೆಗೆದು ಊದಿದೆ. ಎಣ್ಣೆ ತೂತುಗಳಿಗೆ ಮಿಷನ್ ಎಣ್ಣೆ ಬಿಟ್ಟು, ಚಿಂದಿ ಬಟ್ಟೆಗಳ ಮೇಲೆ ಓಡಿಸಿ ನೋಡಿದೆ. ಒಂದು ಕಲೆಯೂ ಬೀಳಲಿಲ್ಲ. ಆಮೇಲೆಯೇ ಆ ಬಿಳಿ ಬಟ್ಟೆಯನ್ನು ಕಪಾಟಿನಿಂದ ಹೊರಗೆ ತೆಗೆದದ್ದು.

ಆ ಬಟ್ಟೆ ಹಾಜಿಮಾ ಅವರದು. ನಮ್ಮ ಬೀದಿಯ ಕೊನೆಯ ಮನೆಯ ಹಿರಿಯ ಹೆಂಗಸು. ಹಜ್ ಯಾತ್ರೆ ಮುಗಿಸಿ ಬಂದ ಮೇಲೆ ಬೀದಿಯವರೆಲ್ಲ ಅವರನ್ನು ಹಾಗೆಯೇ ಕರೆಯುತ್ತೇವೆ. ಅವರ ಜೊತೆ ಶ್ರೀನಿವಾಸಪುರದ ತಂಗಿಯೂ ಹೋಗಬೇಕಿತ್ತು. ಹೊರಡುವ ಮುಂಚೆ ಆಕೆಗೆ ಲಕ್ವ ಹೊಡೆದು ಒಂದು ಪಕ್ಕ ಬಿದ್ದುಹೋಯಿತು. ಅಕ್ಕ ಒಬ್ಬರೇ ಹೋದರು. ಅಲ್ಲಿಂದ ಬಿಳಿ ಹತ್ತಿ ಬಟ್ಟೆ ಕೊಂಡು, ಅದನ್ನು ಮಕ್ಕಾದ ಜಮ್‌ಜಮ್ ಬಾವಿಯ ಪವಿತ್ರ ನೀರಿನಲ್ಲಿ ಅದ್ದಿ, ಒಣಗಿಸಿ, ತಂಗಿಗೆಂದು ಮಡಿಸಿ ತಂದಿದ್ದರು. ನಮಾಜಿನ ಹೊತ್ತಿಗೆ ತಲೆಯಿಂದ ಮೊಣಕಾಲಿನ ಕೆಳಗಿನವರೆಗೆ ಹೊದೆಯುವ, ಮುಖಕ್ಕೆ ಮಾತ್ರ ದುಂಡಗೆ ಕಿಂಡಿ ಬಿಟ್ಟ ಉಡುಪು ಹೊಲಿಯಬೇಕಿತ್ತು. ಶುಕ್ರವಾರಕ್ಕೆ ಅವರು ಶ್ರೀನಿವಾಸಪುರಕ್ಕೆ ಹೋಗುವವರಿದ್ದರು.

"ಇದಕ್ಕೆ ನೀರು ಮುಟ್ಟಿಸಬೇಡ ಬೇಟಿ. ಇಸ್ತ್ರಿ ಹಾಕೋವಾಗ್ಲೂ ನೀರು ಚಿಮುಕಿಸಬೇಡ. ಅವಳು ಅಲ್ಲಿಗೆ ಹೋಗಕ್ಕಾಗ್ಲಿಲ್ಲ. ಅಲ್ಲಿನ ನೀರಾದ್ರೂ ಅವಳ ಮೈ ಮೇಲಿರ್ಲಿ" ಎಂದು ಹೇಳಿ ಕೊಟ್ಟಿದ್ದರು.

ಪಕ್ಕದ ಹೊಲಿಗೆಗಳು ಸರಾಗವಾಗಿ ಮುಗಿದವು. ಮಿಷನ್ನಿಗೆ ಮೋಟರ್ ಹಾಕಿಸಿದ್ದೇನೆ. ಉದ್ದ ಹೊಲಿಗೆಯಲ್ಲಿ ಅದು ಬಿಸಿಯಾಗುತ್ತದೆ, ಅದು ಗೊತ್ತಿದ್ದದ್ದೇ. ಕೊನೆಗೆ ಮುಖದ ಕಿಂಡಿಯ ಅಂಚು ಮಡಚಿ ಹೊಲಿಯುತ್ತಿದ್ದೆ. ಸುತ್ತು ಮೇಲ್ಭಾಗಕ್ಕೆ ಬಂದಾಗ ಸೂಜಿ ಹಿಡಿಯುವ ಕಂಬಿಯ ಉದ್ದಕ್ಕೆ ಏನೋ ಹೊಳೆಯುತ್ತಾ ಇಳಿಯಿತು. ಪೆಡಲ್‌ನಿಂದ ಕಾಲು ತೆಗೆಯುವಷ್ಟರಲ್ಲಿ ಹನಿ ಬಿದ್ದಾಗಿತ್ತು. ಕಿತ್ತಳೆ ಬಣ್ಣದ, ದಪ್ಪನೆಯ ಹನಿ. ಬಿಳಿ ಬಟ್ಟೆಯ ಮೇಲೆ ಅದು ನಿಧಾನವಾಗಿ ಅಗಲವಾಗುತ್ತಾ ಹೋಯಿತು. ಉಡುಪು ತೊಟ್ಟರೆ ಸರಿಯಾಗಿ ಹಣೆಯ ನೇರಕ್ಕೆ ಬರುವ ಜಾಗ ಅದು. ನಮಾಜಿನಲ್ಲಿ ಬಗ್ಗಿದಾಗ ನೆಲ ಮುಟ್ಟುವ ಜಾಗ.

ಪಾದ ಎತ್ತಿ, ನೂಲು ಕತ್ತರಿಸಿ, ಬಟ್ಟೆಯನ್ನು ಎಳೆಯದೆ ನಿಧಾನವಾಗಿ ಹೊರತೆಗೆದೆ. ಎಳೆದರೆ ಎಣ್ಣೆ ಇನ್ನಷ್ಟು ಹರಡುತ್ತದೆ. ಕಲೆಯ ಕೆಳಗೆ ಮಡಿಸಿದ ಹಳೆಯ ಬನಿಯನ್ ಇಟ್ಟು, ಮೇಲಿನಿಂದ ಚಿಂದಿಯ ತುದಿಯಲ್ಲಿ ಒತ್ತಿ ಒತ್ತಿ ತೆಗೆದೆ. ಉಜ್ಜಲಿಲ್ಲ. ಗುರುತು ಹಾಕುವ ಸೀಮೆಸುಣ್ಣವನ್ನು ಬ್ಲೇಡಿನಿಂದ ಕೆರೆದು, ಆ ಪುಡಿಯನ್ನು ಕಲೆಯ ಮೇಲೆ ರಾಶಿ ಹಾಕಿ ಹಾಗೇ ಬಿಟ್ಟೆ. ಮಾಮೂಲಿ ಮಿಷನ್ ಎಣ್ಣೆಯಾಗಿದ್ದರೆ ಮುಕ್ಕಾಲು ಪಾಲು ಅದರಲ್ಲೇ ಹೋಗುತ್ತದೆ. ಆದರೆ ಮಿಷನ್ ಎಣ್ಣೆ ನೀರಿನಷ್ಟು ತೆಳು, ಅದಕ್ಕೆ ಬಣ್ಣವಿಲ್ಲ. ಇದು ಬೇರೆ ಏನೋ.

ಮಿಷನ್ನಿನ ತಲೆಯ ಎಡಗಡೆಯ ತಗಡು ಬಿಚ್ಚಿದೆ. ಒಳಗೆ ಜಿಗುಟು ಜಿಗುಟಾಗಿ ಎಣ್ಣೆ ಕೂತಿತ್ತು. ಅದರಲ್ಲಿ ಅರಿಶಿನ ಕುಂಕುಮ ಕಲೆಸಿಕೊಂಡಿತ್ತು. ಬೆರಳಲ್ಲಿ ತೆಗೆದು ಮೂಸಿದೆ. ಹರಳೆಣ್ಣೆ.

ಅಡುಗೆಮನೆಗೆ ಹೋದೆ. ಅತ್ತೆ ಅವರೆಕಾಯಿ ಸುಲಿಯುತ್ತಿದ್ದರು.

"ಮಿಷನ್ನಿಗೆ ಏನ್ ಹಾಕಿದ್ರಿ?"

"ಎಣ್ಣೆ. ಯಾಕೆ?"

"ಯಾವ ಎಣ್ಣೆ?"

"ನಮ್ಮ ರಾಗಿ ಹೊಲದ ಬದುವಿನ ಹರಳು ಕಾಯಿಸಿದ್ನಲ್ಲ, ಅದೇ. ದೀಪಕ್ಕಿಟ್ಟಿದ್ದು. ವರ್ಷವೆಲ್ಲ ನಮಗೆ ಅನ್ನ ಹಾಕೋ ಮಿಷನ್ನು ಕಣೇ. ಹಬ್ಬದ ದಿನ ಒಂದಿಷ್ಟು ಒಳ್ಳೆ ಎಣ್ಣೆ ಕೊಡಬಾರ್ದಾ? ತೂತು ಇದ್ದ ಕಡೆಗೆಲ್ಲ ಬಿಟ್ಟೆ."

"ತಲೆಗೆ ಹಚ್ಚೋ ಎಣ್ಣೇನ ಮಿಷನ್ನಿಗೆ ಕುಡಿಸಿದ್ರಾ? ನನ್ನ ಮಾನ ಕಳೆದ್ರಿ ನೀವು!" ಎಂದು ಕೂಗಿಬಿಟ್ಟೆ. ಬೀದಿಗೆ ಕೇಳಿಸಿರಬೇಕು. ಅತ್ತೆ ಅವರೆಕಾಯಿಯ ಮೊರ ಎತ್ತಿಕೊಂಡು ಹಿತ್ತಿಲಿಗೆ ಹೋದರು. ಮಧ್ಯಾಹ್ನ ಊಟಕ್ಕೆ ಕರೆದರೆ ಹಸಿವಿಲ್ಲ ಎಂದರು.

ಕೋಲಾರದ ಮಿಷನ್ ಮೆಕ್ಯಾನಿಕ್‌ಗೆ ಫೋನ್ ಮಾಡಿದೆ. ಅವರು ಗಾಬರಿಯಾಗಲಿಲ್ಲ, ನಕ್ಕರು. "ಈ ವಾರ ಎಲ್ಲಾರ ಮಿಷನ್ನೂ ಏನೋ ಒಂದು ಕುಡಿದಿರ್ತವೆ ಅಕ್ಕಾ. ಮಾಲೂರಲ್ಲಿ ಒಬ್ಬರು ತುಪ್ಪ ಬಿಟ್ಟವ್ರೆ. ತಣ್ಣಗಿದ್ದಾಗ ಹರಳೆಣ್ಣೆ ಕೂತಲ್ಲೇ ಕೂತಿರ್ತದೆ, ಬಿಸಿ ಆದಾಗ ಇಳೀತದೆ. ಅದಕ್ಕೇ ಚಿಂದಿ ಮೇಲೆ ಬೀಳ್ಲಿಲ್ಲ. ಸೀಮೆಎಣ್ಣೆ ಬಿಟ್ಟು ತಿರುಗಿಸಿ, ಒರೆಸಿ, ಮತ್ತೆ ಬಿಡಿ. ನಾನು ಸೋಮವಾರ ಬರ್ತೀನಿ."

ಶುಕ್ರವಾರ ಕಳೆದ ಮೇಲೆ ಸೋಮವಾರ ಬಂದು ಏನು ಮಾಡುತ್ತೀರಿ ಎಂದು ಬಾಯಿಗೆ ಬಂದಿತ್ತು, ನುಂಗಿಕೊಂಡೆ. ಸೀಮೆಎಣ್ಣೆ ಈಗ ಸುಲಭಕ್ಕೆ ಎಲ್ಲಿ ಸಿಗುತ್ತದೆ? ಬೀದಿಯೆಲ್ಲ ಕೇಳಿ, ಕೊನೆಗೆ ಪೇಂಟ್ ಕೆಲಸದವರೊಬ್ಬರ ಹತ್ತಿರ ಸ್ವಲ್ಪ ಸಿಕ್ಕಿತು. ಮಿಷನ್ನನ್ನು ಹಿಂದಕ್ಕೆ ಮಲಗಿಸಿ, ಪ್ರತಿ ತೂತಿಗೂ ಬಿಟ್ಟು, ಮೋಟರ್ ಹಾಕದೆ ಚಕ್ರವನ್ನು ಕೈಯಲ್ಲೇ ತಿರುಗಿಸಿದೆ. ಕಿತ್ತಳೆ ಬಣ್ಣದ ಕೆಸರು ಇಳಿಯಿತು. ಒರೆಸಿದೆ, ಮತ್ತೆ ಬಿಟ್ಟೆ, ಮತ್ತೆ ಇಳಿಯಿತು. ಸಂಜೆಗೆ ಬರಿಯ ಸೀಮೆಎಣ್ಣೆ ಬರತೊಡಗಿತು, ಸಮಾಧಾನವಾಯಿತು. ಸೂಜಿಯ ಕೆಳಗೆ ಬಿಳಿ ಹಾಳೆ ಇಟ್ಟು ಮಲಗಿದೆ. ಬೆಳಿಗ್ಗೆ ನೋಡಿದರೆ ಹಾಳೆಯ ಮೇಲೆ ಮತ್ತೆ ಒಂದು ಕಿತ್ತಳೆ ಚುಕ್ಕೆ. ಆ ಮಿಷನ್ನಿನ ಮೇಲೆ ನನಗಿದ್ದ ನಂಬಿಕೆ ಅಲ್ಲಿಗೆ ಹೋಯಿತು.

ಬಟ್ಟೆಯ ಮೇಲಿನ ಸೀಮೆಸುಣ್ಣದ ಪುಡಿಯನ್ನು ಕೊಡವಿದೆ. ಎಣ್ಣೆಯ ಪಸೆ ಕಡಿಮೆಯಾಗಿತ್ತು. ಬಣ್ಣ ಮಾತ್ರ ಹಾಗೇ ಇತ್ತು. ಅದರ ಮೇಲೆ ಏನನ್ನೂ ಪ್ರಯೋಗ ಮಾಡುವ ಧೈರ್ಯವಿರಲಿಲ್ಲ. ಬೇರೆ ಬಿಳಿ ಹತ್ತಿ ಚಿಂದಿಗಳಿಗೆ ಅದೇ ಹರಳೆಣ್ಣೆ, ಅದೇ ಅರಿಶಿನ ಕುಂಕುಮ ಕಲೆಸಿ ಹಚ್ಚಿ, ಅವುಗಳ ಮೇಲೆ ಒಂದೊಂದೇ ನೋಡುತ್ತಾ ಹೋದೆ. ಬಟ್ಟೆ ಸೋಪು ಹಚ್ಚಿದ ಕೂಡಲೇ ಕಲೆ ರಕ್ತದ ಬಣ್ಣಕ್ಕೆ ತಿರುಗಿತು. ಆಮೇಲೆ ನೆನಪಾಯಿತು, ಅರಿಶಿನಕ್ಕೆ ಸುಣ್ಣ ಸೋಕಿದರೂ ಹೀಗೇ ಕೆಂಪಾಗುತ್ತದೆ, ನಮ್ಮ ಮನೆಯ ಕುಂಕುಮವೂ ಅರಿಶಿನದ್ದೇ. ನಿಂಬೆರಸ ಹಿಂಡಿದೆ, ಕೆಂಪು ಹೋಗಿ ಹಳದಿಯಾಯಿತು. ಇನ್ನೊಂದು ಚಿಂದಿಯನ್ನು ಬೆಚ್ಚನೆಯ ನೀರಿನಲ್ಲಿ ತಲೆಗೆ ಹಾಕುವ ಶಾಂಪೂ ಕದಡಿ ಅದ್ದಿದೆ. ಎಣ್ಣೆ ಬಿಟ್ಟಿತು. ನಿಂಬೆರಸ ಹಚ್ಚಿ ಬಿಸಿಲಿಗೆ ಹಾಕಿದರೆ ಮಧ್ಯಾಹ್ನದ ಹೊತ್ತಿಗೆ ಹಳದಿ ಅರ್ಧ ಮಾಸಿತ್ತು. ದಾರಿ ಸಿಕ್ಕಿತು. ಆದರೆ ಆ ದಾರಿಯ ತುಂಬ ನೀರೇ. ನೀರಿಲ್ಲದೆ, ಒಣ ಪುಡಿ ಮತ್ತು ಬಿಸಿಲಿನಲ್ಲೇ ಬಿಟ್ಟ ಚಿಂದಿಯ ಮೇಲೆ ಎಣ್ಣೆಯ ಉಂಗುರ ಹಾಗೇ ಉಳಿದಿತ್ತು.

ಹಾಜಿಮಾ ಮಾರನೆಯ ಬೆಳಿಗ್ಗೆ ಹಾಲಿಗೆ ಹೋಗುವಾಗ ಬಾಗಿಲಲ್ಲಿ ನಿಂತು ಕೇಳಿದರು. "ಆಯ್ತಾ ಬೇಟಿ?"

ಬಟ್ಟೆಯನ್ನು ಮೇಜಿನ ಕೆಳಗೆ ತಳ್ಳಿದೆ. "ಆಗ್ತಾ ಇದೆ ಹಾಜಿಮಾ."

"ಆರಾಮಾಗಿ ಮಾಡು, ಅರ್ಜೆಂಟೇನಿಲ್ಲ. ಶುಕ್ರವಾರ ಕೊಟ್ರೆ ಸಾಕು" ಎಂದು ನಗುತ್ತಾ ಹೋದರು.

ಕಲೆಗಿಂತ ಹೆಚ್ಚಾಗಿ ನನ್ನನ್ನು ಹೆದರಿಸಿದ್ದು ಬೇರೆ. ಕುಂಕುಮ ಅನ್ನುವ ಮಾತು, ನಮಾಜಿನ ಬಟ್ಟೆ ಅನ್ನುವ ಮಾತು, ಎರಡನ್ನೂ ಸೇರಿಸಿ ಯಾರಾದರೂ ಫೋನಿನಲ್ಲಿ ಬರೆದು ಹರಡಿದರೆ? ಬೇಕೆಂದೇ ಮಾಡಿದಳು ಅಂದರೆ? ನಮ್ಮ ಬೀದಿಯಲ್ಲಿ ಹಾಗೆ ಯಾರೂ ಮಾತಾಡಿದ್ದಿಲ್ಲ. ಆದರೆ ಇಲ್ಲದ ಕಡೆಗಳಲ್ಲೂ ಮಾತು ಹುಟ್ಟುವುದನ್ನು ಈಗ ದಿನವೂ ನೋಡುತ್ತಿದ್ದೇವೆ. ಪಕ್ಕದ ಫ್ಯಾನ್ಸಿ ಸ್ಟೋರಿನವಳಿಗೆ ಗುಟ್ಟಾಗಿ ತೋರಿಸಿದೆ. "ಅದರ ಮೇಲೊಂದು ಲೇಸ್ ಹೊಲ್ದುಬಿಡೇ, ಯಾರಿಗೆ ಕಾಣ್ತದೆ?" ಎಂದಳು. ಲೇಸ್ ಇಟ್ಟು ನೋಡಿದೆ. ಕಾಣಲಿಲ್ಲ ನಿಜ. ಆದರೆ ಆ ತಂಗಿ ನಮಾಜಿಗೆ ಕುಳಿತಲ್ಲೇ ಬಗ್ಗಿದಾಗಲೆಲ್ಲ ಹಣೆಯ ಮುಂದೆ ಅದು ಇರುತ್ತದೆ, ಒಗೆದ ದಿನ ಲೇಸಿನ ಅಡಿಯಿಂದ ಕೆಂಪಗೆ ಹೊರಗೆ ಬರುತ್ತದೆ. ಲೇಸ್ ತೆಗೆದಿಟ್ಟೆ.

ಇನ್ನೊಂದು ಯೋಚನೆ ಬಂತು. ಹೇಳಲು ನಾಚಿಕೆ, ಆದರೂ ಬಂತು. ಉಡುಪು ಕತ್ತರಿಸಿದಾಗ ಉಳಿದಿದ್ದ ಒಂದು ಚೂರನ್ನು ಕೈಚೀಲದಲ್ಲಿಟ್ಟುಕೊಂಡು ಕೋಲಾರದ ಬಸ್ ಹತ್ತಿದೆ. ಬಟ್ಟೆ ಅಂಗಡಿಗಳನ್ನು ಸುತ್ತಿದೆ. ಮೂರನೆಯ ಅಂಗಡಿಯಲ್ಲಿ ಅಂಥದ್ದೇ ಸಿಕ್ಕಿತು. ಅದೇ ನೇಯ್ಗೆ, ಅದೇ ಅಗಲ, ಅದೇ ತುಸು ಕೆನೆ ಬಿಳಿ. ಬೆಳಕಿಗೆ ಹಿಡಿದೆ. ಎರಡರ ಮೇಲೂ ಕೈಯಾಡಿಸಿದೆ. ಇಪ್ಪತ್ತು ವರ್ಷ ಬಟ್ಟೆ ಮುಟ್ಟಿದ ನನ್ನ ಕೈಗೇ ವ್ಯತ್ಯಾಸ ತಿಳಿಯಲಿಲ್ಲ. ಅಂದ ಮೇಲೆ ಹಾಜಿಮಾಗೆ ಎಲ್ಲಿಂದ ತಿಳಿಯಬೇಕು? ಒಂದು ಸಂಜೆಯಲ್ಲಿ ಹೊಲಿದು, ಶುಕ್ರವಾರ ನಗುನಗುತ್ತಾ ಕೊಡಬಹುದು.

"ಎಷ್ಟು ಕತ್ತರಿಸ್ಲಿ ಮೇಡಂ?" ಅಂಗಡಿಯವರು ಕತ್ತರಿ ಹಿಡಿದು ಕೇಳಿದರು.

ಎದ್ದೇಳಲಾಗದ ಹೆಂಗಸೊಬ್ಬಳು ಕೋಲಾರದ ಬಟ್ಟೆ ಹೊದ್ದು, ಮಕ್ಕಾದ ನೀರು ಮೈಮೇಲಿದೆ ಎಂದು ನಂಬಿ ಕೂತಿರುತ್ತಾಳೆ. ಅದನ್ನು ಗೊತ್ತಿದ್ದೂ ನಾನು ಬದುಕಿರುವಷ್ಟು ದಿನ ಅದೇ ಬೀದಿಯಲ್ಲಿ ಓಡಾಡಬೇಕು. ಕಲೆಯಾದರೆ ತಪ್ಪು, ಇದು ಮೋಸ. "ಬೇಡ ಅಣ್ಣಾ, ಕ್ಷಮಿಸಿ" ಎಂದು ಹೊರಗೆ ಬಂದೆ. ಅವರು ನನ್ನ ಹಿಂದೆ ಏನೋ ಗೊಣಗಿದರು, ಗೊಣಗಲಿ.

ಹಾಜಿಮಾಗೆ ಹೇಗೆ ಹೇಳುವುದು ಎಂದು ಬಸ್ಸಿನಲ್ಲಿ ಬಾಯಿಪಾಠ ಮಾಡಿಕೊಂಡೆ. ಮಿಷನ್ ಕೆಟ್ಟಿತ್ತು, ಎಣ್ಣೆ ನಾನೇ ಹಾಕಿದ್ದು, ಹೀಗೆ. ಅತ್ತೆಯ ಹೆಸರು ಎತ್ತುವುದು ಬೇಡ ಎಂದುಕೊಂಡಿದ್ದೆ. ಆದರೆ ಮನೆಗೆ ಬಂದು ಬಟ್ಟೆಯನ್ನು ಮಡಿಸುತ್ತಿರುವಾಗ ಅತ್ತೆ ಒಗೆದ ಸೀರೆ ಉಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದರು.

"ಅವರ ಮನೆಗೆ ತಾನೇ? ನಡಿ, ನಾನೂ ಬರ್ತೀನಿ."

"ನೀವು ಯಾಕೆ?"

"ಬಿಟ್ಟಿದ್ದು ನನ್ನ ಕೈ, ನಿನ್ನ ಕೈಯಲ್ಲ" ಎಂದು ಚಪ್ಪಲಿ ಮೆಟ್ಟಿಕೊಂಡರು.

ಹಾಜಿಮಾ ಮಧ್ಯಾಹ್ನದ ನಮಾಜು ಮುಗಿಸಿ ಹಜಾರದಲ್ಲಿ ಕುಳಿತಿದ್ದರು. ಬಾಯಿಪಾಠ ಮಾಡಿದ್ದು ಒಂದೂ ಬರಲಿಲ್ಲ. ಬಟ್ಟೆ ಬಿಡಿಸಿ, ಕಲೆಯ ಜಾಗವನ್ನು ಮೇಲಕ್ಕೆ ಮಾಡಿ ಅವರ ಮುಂದಿಟ್ಟೆ. ಅವರು ಕನ್ನಡಕ ಹುಡುಕಿ ಹಾಕಿಕೊಂಡು ನೋಡಿದರು.

ಅತ್ತೆ ತೆಲುಗಿನಲ್ಲಿ ಶುರುಮಾಡಿದರು. ಇಬ್ಬರು ಮುದುಕಿಯರೂ ತಮ್ಮ ತಮ್ಮಲ್ಲಿ ತೆಲುಗೇ ಆಡುವುದು. "ನೇನೇ ಪೋಸಿನಾನಮ್ಮಾ" ಎಂದರು, ನಾನೇ ಸುರಿದದ್ದು ಎಂದು. "ಹಬ್ಬಕ್ಕೆ ಮಿಷನ್ನಿಗೆ ಒಳ್ಳೇದಾಗ್ಲಿ ಅಂತ ದೀಪದ ಎಣ್ಣೆ ಬಿಟ್ಟೆ. ಇವಳು ತೊಳೆದ್ಲು, ಉಜ್ಜಿದ್ಲು. ಆದ್ರೂ ಇಳೀತು. ಕುಂಕುಮನೂ ಇದೆ ಅದರಲ್ಲಿ. ಬೈಯೋದಿದ್ರೆ ನನ್ನನ್ನ ಬೈಯಿ."

ಹಾಜಿಮಾ ಕಲೆಯ ಮೇಲೆ ಬೆರಳಿಟ್ಟರು. "ನೀರು ಮುಟ್ಟಿಸಿದ್ಯಾ ಬೇಟಿ?"

"ಇಲ್ಲ ಹಾಜಿಮಾ. ನೀವು ಹೇಳದೆ ಮುಟ್ಟಿಸಲ್ಲ. ಆದ್ರೆ ನೀರಿಲ್ಲದೆ ಹೋಗಲ್ಲ, ಎಲ್ಲಾ ನೋಡ್ದೆ" ಎಂದು ಚಿಂದಿಗಳನ್ನು ತೋರಿಸಿದೆ. ನನ್ನ ಕಣ್ಣಲ್ಲಿ ನೀರು ಬಂದಿತ್ತು. ಒರೆಸಿಕೊಂಡರೆ ಆ ಒದ್ದೆ ಕೈಯನ್ನು ಬಟ್ಟೆಯ ಮೇಲೆ ಇಡುವ ಹಾಗಿಲ್ಲವಲ್ಲ ಎಂದು ಆಗಲೂ ಯೋಚನೆ.

ಅವರಿಗೆ ಬೇಸರವಾಯಿತು. ಆಗಲಿಲ್ಲ ಎಂದು ನಾನು ಬರೆಯುವುದಿಲ್ಲ. ಮುಖ ಸಪ್ಪೆಯಾಗಿ, ತುಟಿ ಬಿಗಿದು, ಬಾಗಿಲ ಕಡೆ ನೋಡುತ್ತಾ ಕುಳಿತರು. "ಅಲ್ಲಿ ಆ ಜನದ ಮಧ್ಯೆ ನಿಂತು, ಅವಳ ಹೆಸರು ಹೇಳ್ಕೊಂಡು ಅದ್ದಿದ್ದೆ" ಎಂದರು. ಆಮೇಲೆ ನಿಟ್ಟುಸಿರು ಬಿಟ್ಟು ಎದ್ದರು. "ಸರಿ, ಒಗಿ. ಇಲ್ಲೇ, ನನ್ನ ಮುಂದೆ ಒಗಿ."

ಅವರ ಹಿತ್ತಿಲಲ್ಲೇ ಕುಳಿತೆ. ಹೊಸ ಬಕೆಟ್ ಕೊಟ್ಟರು. ಬೆಚ್ಚನೆಯ ನೀರಿಗೆ ಶಾಂಪೂ ಕದಡಿ, ಕಲೆಯ ಜಾಗವನ್ನಷ್ಟೇ ಹಿಂದಿನ ಕಡೆಯಿಂದ ಅದ್ದಿ, ಎರಡು ಬೆರಳ ನಡುವೆ ಮೆಲ್ಲಗೆ ಆಡಿಸಿದೆ. ಎಣ್ಣೆ ಬಿಡತೊಡಗಿತು. ಒಮ್ಮೆ ಅಂಚು ಕೆಂಪಗಾದ ಹಾಗೆ ಕಂಡಿತು. ಅತ್ತೆ ಕೂಡಲೇ ನಿಂಬೆ ಹೋಳು ಹಿಂಡಿದರು, ಇಳಿಯಿತು. ಮಾಳಿಗೆಯ ಮೇಲೆ ಹಗ್ಗ ಕಟ್ಟಿ ಬಿಸಿಲಿಗೆ ಹಾಕಿದೆವು. ಹಾಜಿಮಾ ಮತ್ತು ಅತ್ತೆ ಕಾಗೆ ಕೂರದ ಹಾಗೆ ಕಾಯುತ್ತಾ ನೆರಳಲ್ಲಿ ಕುಳಿತರು. ನಾನು ಗಳಿಗೆಗೊಮ್ಮೆ ಹೋಗಿ ನೋಡುತ್ತಿದ್ದೆ. "ಸುಮ್ನೆ ಕೂತ್ಕೋ, ನೀನು ನೋಡಿದ್ರೆ ಬೇಗ ಹೋಗ್ತದಾ?" ಎಂದು ಅತ್ತೆ ರೇಗಿದರು. ಮೋಡ ಬಂದಾಗಲೆಲ್ಲ ಮೂವರೂ ತಲೆಯೆತ್ತಿ ನೋಡುತ್ತಿದ್ದೆವು. ಅಂದು ಹಳದಿ ಮಾಸಿತು, ಹೋಗಲಿಲ್ಲ. ಮಾರನೆಯ ದಿನ ಮತ್ತೆ ನಿಂಬೆ, ಮತ್ತೆ ಬಿಸಿಲು. ಸಂಜೆಗೆ ಆ ಜಾಗ ಎಲ್ಲಿತ್ತೆಂದು ಹಾಜಿಮಾಗೆ ಸಿಗಲಿಲ್ಲ. ನನಗೆ ಸಿಗುತ್ತಿತ್ತು. ಈಗಲೂ ಸಿಗುತ್ತದೆ.

ಬಟ್ಟೆ ಇಳಿಸಿಕೊಂಡು ಕೆಳಗೆ ಬಂದಾಗ ಹಾಜಿಮಾ ಒಳಗೆ ಹೋದರು. ಬೀರು ತೆಗೆದ ಸದ್ದಾಯಿತು. ಬಾಯಿಗೆ ಟೇಪು ಸುತ್ತಿದ ಒಂದು ಪುಟ್ಟ ಬಾಟಲಿ ತಂದರು. "ತಂದಿದ್ದ ಜಮ್‌ಜಮ್ ನೀರಲ್ಲಿ ಎಲ್ಲಾರಿಗೂ ಹಂಚಿ ಇಷ್ಟೇ ಉಳಿದಿದೆ. ಇದರಲ್ಲಿ ಒಂದ್ಸಲ ಅದ್ದು."

ಅತ್ತೆ ಬಾಟಲಿ ನೋಡಿದವರೇ ಅವರ ಮುಂಗೈ ಹಿಡಿದುಕೊಂಡರು. "ಬೇಡಮ್ಮಾ. ಇದನ್ನ ಯಾಕೆ ಇಟ್ಕೊಂಡಿದ್ದೀಯ ಅಂತ ನನಗೆ ಗೊತ್ತಿಲ್ವಾ? ನಾವು ಕೊನೇ ಗಳಿಗೇಲಿ ಬಾಯಿಗೆ ಗಂಗೆ ಬಿಡ್ತೀವಲ್ಲ, ಹಂಗೆ ನಿನಗೆ ಅಂತ ಇಟ್ಕೊಂಡಿರೋದು."

ನಾನು ಕೈ ಹಿಂದಕ್ಕೆ ತೆಗೆದೆ. "ಬೇಡ ಹಾಜಿಮಾ. ನನ್ನ ಕೈಯಲ್ಲಿ ಆಗಲ್ಲ."

"ಅವಳು ಅಲ್ಲಿಗೆ ಹೋಗಲ್ಲ ಇನ್ನು. ನಾನು ನೋಡ್ಕೊಂಡು ಬಂದಿದ್ದೀನಿ" ಎಂದು ಹೇಳಿ, ಟೇಪು ಕಿತ್ತು, ಅಗಲ ಬಟ್ಟಲಿಗೆ ಬಾಟಲಿಯನ್ನು ಪೂರ್ತಿ ಬಗ್ಗಿಸಿಬಿಟ್ಟರು. ನಾನು ಹಣೆಯ ಜಾಗವನ್ನು ಅದರಲ್ಲಿ ಅದ್ದಿದೆ. ಹಿಂಡಲಿಲ್ಲ. ಉಳಿದ ನೀರನ್ನು ಬಚ್ಚಲಿಗೆ ಚೆಲ್ಲಬಾರದೆಂದು ಅವರು ಕರಿಬೇವಿನ ಕುಂಡಕ್ಕೆ ಹೊಯ್ದರು. ಬಾಟಲಿಯಲ್ಲಿ ಒಂದು ತೊಟ್ಟೂ ಉಳಿಯಲಿಲ್ಲ. ನನ್ನ ಮುಖ ನೋಡಿ ಅವರಿಗೇ ಪಾಪ ಅನ್ನಿಸಿರಬೇಕು.

"ಹಂಗ್ಯಾಕೆ ನಿಂತಿದ್ದೀಯ ಬೇಟಿ? ನನ್ನ ಟೈಮ್ ಬಂದಾಗ ಫೋನ್ ಮಾಡಿಸ್ತೀನಿ. ನೀನೇ ಬಾ. ನಿಮ್ಮನೆ ಬೋರ್‌ವೆಲ್ ನೀರೇ ಒಂದು ಚಮಚ ಹಾಕು, ಸಾಕು ನನಗೆ."

ಅತ್ತೆ ಮುಖ ತಿರುಗಿಸಿಕೊಂಡರು. ನಾನು ಸೂಜಿಗೆ ನೂಲು ಪೋಣಿಸತೊಡಗಿದೆ. ಉಳಿದ ಅಂಚನ್ನು ಮಿಷನ್ನಿಗೆ ಕೊಡಲಿಲ್ಲ. ಅವರ ಹಜಾರದಲ್ಲೇ ಕುಳಿತು, ಕೈಸೂಜಿಯಲ್ಲಿ ಒತ್ತೊತ್ತಾಗಿ ಹೊಲಿದು ಮುಗಿಸಿದೆ. ಶುಕ್ರವಾರ ಅವರು ಶ್ರೀನಿವಾಸಪುರದ ಬಸ್ ಹತ್ತಿದರು. ತಂಗಿಗೆ ಹೊದಿಸಿ, ದಿಂಬಿಗೆ ಒರಗಿಸಿ ಕೂರಿಸಿದ ಫೋಟೋ ಸಂಜೆ ನನ್ನ ಫೋನಿಗೆ ಬಂತು. ದೊಡ್ಡದು ಮಾಡಿ ಹಣೆಯ ಮೇಲೆ ನೋಡಿದೆ. ಏನೂ ಕಾಣಲಿಲ್ಲ.

ಅಲ್ಲಿಗೆ ನನ್ನ ಆತಂಕ ಮುಗಿಯಬೇಕಿತ್ತು. ಮುಗಿಯಲಿಲ್ಲ, ಜಾಗ ಬದಲಾಯಿಸಿತು ಅಷ್ಟೇ. ಹೋದ ವಾರ ನಸುಕಿನಲ್ಲಿ ಫೋನ್ ಬಡಿದುಕೊಂಡಿತು. ನೋಡಿದರೆ ಹಾಜಿಮಾ ಮನೆಯ ನಂಬರು. ಎತ್ತಿದವಳು ಹಲೋ ಎನ್ನಲೂ ಇಲ್ಲ. ಅಡುಗೆಮನೆಗೆ ಓಡಿದೆ, ಲೋಟಕ್ಕೆ ನೀರು ಹಿಡಿದೆ, ಚಮಚ ತೆಗೆದುಕೊಂಡೆ, ಚಪ್ಪಲಿಯಿಲ್ಲದೆ ಬೀದಿಯ ಕೊನೆಯವರೆಗೆ ಓಡಿದೆ. ಬಾಗಿಲು ತೆರೆದಿತ್ತು. ಹಾಜಿಮಾ ಹೊಸಿಲಲ್ಲಿ ನಿಂತು, ಕಿತ್ತುಹೋದ ಕುರ್ತಾದ ಗುಂಡಿಯೊಂದನ್ನು ಅಂಗೈಯಲ್ಲಿ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಫೋನಿಗೆ ಹಲೋ ಹಲೋ ಎನ್ನುತ್ತಿದ್ದರು. ನನ್ನನ್ನು ನೋಡಿದರು, ಲೋಟ ನೋಡಿದರು, ಚಮಚ ನೋಡಿದರು. ಗುಂಡಿಯನ್ನು ಕಿಸೆಗೆ ಹಾಕಿಕೊಂಡು, ನನ್ನ ಕೈಯಿಂದ ಲೋಟ ತೆಗೆದುಕೊಂಡು, ಅಲ್ಲೇ ಹೊಸಿಲ ಮೇಲೆ ಕುಳಿತು ಆ ನೀರನ್ನು ಪೂರ್ತಿ ಕುಡಿದರು.